ಹುಟ್ಟದವರ ಬದುಕಿಗೆ ಕಡಿತದ ಬೆಲೆ ಸಲ್ಲದು

ನೂರು ವರ್ಷಗಳ ನಂತರದ ಪ್ರವಾಹವೊಂದು ಒಂದು ಮನೆಯಿಂದ ಲಕ್ಷ ರೂಪಾಯಿಯ ಬದುಕನ್ನು ಕೊಚ್ಚಿಕೊಂಡು ಹೋಗಲಿದೆ ಎಂದುಕೊಳ್ಳಿ. ಅದನ್ನು ತಡೆಯಲು ಇಂದು ಎಷ್ಟು ಖರ್ಚು ಮಾಡಬಹುದು? ಮುಂದೆ ಆಗುವ ನಷ್ಟವನ್ನು ಇಂದಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರವನ್ನು ವರ್ಷಕ್ಕೆ ಶೇ 1.4 ಎಂದು ಹಿಡಿದರೆ ಸುಮಾರು 24,900 ರೂಪಾಯಿ. ಶೇ 5.5 ಹಿಡಿದರೆ ಬರೀ 473 ರೂಪಾಯಿ. ಮಳೆ ಅದೇ, ಮನೆ ಅದೇ.

2006ರಲ್ಲಿ ಬ್ರಿಟನ್ ಸರ್ಕಾರಕ್ಕೆ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಹವಾಮಾನ ಬದಲಾವಣೆಯ ಬಗ್ಗೆ ಕೊಟ್ಟ ವರದಿ ಮೊದಲ ದರ ಹಿಡಿದು, ಇಂಗಾಲದ ಹೊಗೆಯನ್ನು ತಡಮಾಡದೆ ತಗ್ಗಿಸಿ ಎಂದಿತು. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ಬಂಡವಾಳಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಪ್ರತಿಫಲವನ್ನು ನೋಡಿ ಎರಡನೆಯದರ ಆಸುಪಾಸಿನ ದರ ಹಿಡಿದರು. ಹಂತಹಂತವಾಗಿ ಬಿಗಿ ಮಾಡಿದರೆ ಸಾಕು ಎಂದರು. 2018ರಲ್ಲಿ ಅವರಿಗೆ ನೊಬೆಲ್ ಬಂತು.

ಮುಂದಿನವರು ನಮಗಿಂತ ಸಿರಿವಂತರಾಗಿರುತ್ತಾರೆ, ಹಾಗಾಗಿ ಅವರ ಒಂದು ರೂಪಾಯಿಗೆ ತೂಕ ಕಡಿಮೆ ಎಂಬ ಮಾತಿನಲ್ಲಿ ಹುರುಳಿದೆ. ಸ್ಟರ್ನ್ ಲೆಕ್ಕದಲ್ಲೂ ಅದು ಸೇರಿದೆ. ಆದರೆ ತಡವಾಗಿ ಹುಟ್ಟಿದರು ಎಂಬ ಒಂದೇ ಕಾರಣಕ್ಕೆ ಅವರ ನೋವಿನ ತೂಕ ಇಳಿಸುವುದನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಕೇಂಬ್ರಿಜ್‌ನ ಫ್ರಾಂಕ್ ರಾಮ್ಸೆ 1928ರಲ್ಲೇ ಇಂಥ ಇಳಿಕೆಯನ್ನು ನೀತಿಗೆಟ್ಟ ಲೆಕ್ಕವೆಂದು ತಳ್ಳಿಹಾಕಿದ್ದರು. ದರ ನಮ್ಮದಲ್ಲ, ಮಾರುಕಟ್ಟೆ ಹೇಳಿದ್ದು ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ: ಹುಟ್ಟದವರು ಸಂತೆಗೆ ಬಂದು ಚೌಕಾಸಿ ಮಾಡಿಲ್ಲ.

ಬಡವರ ಜೀವವನ್ನೂ ಹೀಗೆಯೇ ತೂಗಲಾಗಿದೆ. 1995ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿಗೆಂದು ಸಿದ್ಧವಾದ ಅಧ್ಯಾಯವೊಂದು ಶ್ರೀಮಂತ ದೇಶದವರ ಜೀವಕ್ಕೆ ಬಡ ದೇಶದವರದಕ್ಕಿಂತ ಹಲವು ಪಟ್ಟು ಬೆಲೆ ಕಟ್ಟಿತ್ತು. ಭಾರತ ಪ್ರತಿಭಟಿಸಿತು, ಪ್ರತಿಭಟಿಸಿದ್ದು ನ್ಯಾಯವೇ ಆಗಿತ್ತು.

ಇದು ಪಂಡಿತರ ಜಗಳವೆಂದು ಸುಮ್ಮನಿರುವಂತಿಲ್ಲ. ಒಂದು ಟನ್ ಕಾರ್ಬನ್ ಡೈಆಕ್ಸೈಡ್‌ನಿಂದಾಗುವ ಹಾನಿಯನ್ನು ಟ್ರಂಪ್ ಅವರ ಮೊದಲ ಆಡಳಿತ 1ರಿಂದ 7 ಡಾಲರ್ ಎಂದು ಎಣಿಸಿತು. ತನ್ನ ಗಡಿಯೊಳಗಿನ ನಷ್ಟವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿತು, ಶೇ 7ರವರೆಗೂ ದರ ಹಾಕಿತು. ಅದೇ ದೇಶದ ಪರಿಸರ ಸಂಸ್ಥೆ 2023ರಲ್ಲಿ ಇಡೀ ಜಗತ್ತಿನ ನಷ್ಟ ಹಿಡಿದು, ಶೇ 2ರ ದರದಲ್ಲಿ 190 ಡಾಲರ್ ಎಂದಿತು. ಈ ಎರಡು ಲೆಕ್ಕಗಳ ನಡುವಿನ ಕೆಲವೇ ವರ್ಷಗಳಲ್ಲಿ ವಿಜ್ಞಾನವೊಂದೇ ಇಷ್ಟೊಂದು ಬದಲಾಗಿರಲಿಲ್ಲ. ಮುಖ್ಯವಾಗಿ ಬದಲಾಗಿದ್ದು, ಯಾರ ನಷ್ಟ ನಷ್ಟವೆನಿಸಬೇಕು ಎಂಬ ತೀರ್ಮಾನ.

ಇಂಥ ತೀರ್ಮಾನವನ್ನು ವರದಿಯ ತಾಂತ್ರಿಕ ಅನುಬಂಧದಲ್ಲಿ ಅಡಗಿಸಿಡಲು ಯಾವ ಸರ್ಕಾರಕ್ಕೂ ಹಕ್ಕಿಲ್ಲ. ದರ ಎಷ್ಟು, ಏಕೆ ಅಷ್ಟು ಎಂಬುದನ್ನು ಸಂಬಂಧಪಟ್ಟ ಮಂತ್ರಿಗಳು ಸದನದಲ್ಲಿ ಎದ್ದುನಿಂತು ಹೇಳಲಿ. 2125ರಲ್ಲಿ ಹುಟ್ಟುವ ಮಗುವಿನ ಜೀವ ತಮ್ಮ ಲೆಕ್ಕದಲ್ಲಿ ಎಷ್ಟಕ್ಕೆ ಇಳಿದಿದೆ ಎಂಬುದನ್ನೂ ಹೇಳಲಿ.