ಸೊಪ್ಪಿಗೂ ಪರೀಕ್ಷೆ ಬೇಕು

“ಸೊಪ್ಪು ತಾನೇ, ಕುಡಿದರೆ ಏನಾದೀತು?” ನಮ್ಮ ಮಹಿಳಾ ಸಮಾಜದಲ್ಲಿ ಜ್ವರದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹೀಗೆನ್ನುತ್ತಾರೆ. ಮಲೇರಿಯಾಕ್ಕೆ ಹಾಲೆ ಮರದ ತೊಗಟೆ, ನೆಲಬೇವು, ಅಮೃತಬಳ್ಳಿ ಎಂದು ಪಟ್ಟಿಯೂ ಸಿದ್ಧವಾಗುತ್ತದೆ. ಇವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಎಂದರೆ ಸಾಕು, ಅಜ್ಜಿಯರ ಜ್ಞಾನಕ್ಕೆ ಅವಮಾನವಾಯಿತೆಂಬ ಕೂಗು. ನಾನೆನ್ನುವುದು, ಪರೀಕ್ಷಿಸದೆ ಬಾಟಲಿಗೆ ತುಂಬಿ ಮಾರುವುದೇ ಆ ಅಜ್ಜಿಯರಿಗೆ ಮಾಡುವ ಅವಮಾನ.

ಚೀನಾದ ತು ಯೂಯೂ ಎಂಬ ವಿಜ್ಞಾನಿಯ ಕಥೆ ಕೇಳಿ. 1969ರಲ್ಲಿ ಮಲೇರಿಯಾಕ್ಕೆ ಮದ್ದು ಹುಡುಕುವ ಕೆಲಸ ಆಕೆಯ ಪಾಲಿಗೆ ಬಂತು. ಹಳೆಯ ಮದ್ದುಗಳ ವಿವರಗಳನ್ನು ಎರಡು ಸಾವಿರದಷ್ಟು ಕಲೆಹಾಕಿದರು. ನಮ್ಮ ಮಾಚಿಪತ್ರೆಯ ಬಳಗದ ಗಿಡವೊಂದರ ಸತ್ವ ಇಲಿಗಳಲ್ಲಿ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೆಯ ಶತಮಾನದ ಗೆ ಹೋಂಗ್‌ನ ಗ್ರಂಥ ತೆರೆದರೆ, ಆತ ಸೊಪ್ಪನ್ನು ಕುದಿಸಲು ಹೇಳಿಯೇ ಇಲ್ಲ. ನೀರಿನಲ್ಲಿ ನೆನೆಸಿ ಹಿಂಡಲು ಹೇಳಿದ್ದಾನೆ! ಕಾವೇ ಸತ್ವವನ್ನು ಕೆಡಿಸುತ್ತಿರಬೇಕೆಂದು ಊಹಿಸಿ, 35 ಡಿಗ್ರಿಯಲ್ಲೇ ಕುದಿಯುವ ಈಥರ್ ಬಳಸಿ ಸತ್ವ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿ ಇಲಿಗಳ ರಕ್ತದಲ್ಲಿದ್ದ ರೋಗಾಣುಗಳನ್ನು ಪೂರ್ತಿ ನಿರ್ಮೂಲ ಮಾಡಿತು. 1972ರಲ್ಲಿ ರೋಗಿಗಳಿಗೆ ಕೊಡುವ ಮೊದಲು ತಾವೇ ಸೇವಿಸಿ ನೋಡಿದರು. ಅದರಿಂದ ಬಂದದ್ದು ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಕಷಾಯವೆಂದರೆ ನಾಲ್ಕು ಲೋಟ ನೀರನ್ನು ಒಂದಕ್ಕೆ ಇಳಿಸುವ ನಮ್ಮ ಕೈಗೆ ಆ ಸೊಪ್ಪು ಸಿಕ್ಕಿದ್ದರೆ? (ನಮ್ಮ ಅತ್ತೆಯವರಂತೂ ಪಾತ್ರೆ ತಳ ಹಿಡಿಯುವ ತನಕ ಒಲೆಯಿಂದ ಇಳಿಸುತ್ತಿರಲಿಲ್ಲ.)

ಇನ್ನು ನಮ್ಮ ಕರಾವಳಿಯ ಹಾಲೆ ಮರಕ್ಕೆ ಬರೋಣ. ಆಟಿ ಅಮಾವಾಸ್ಯೆಯ ದಿನ ಬರಿಹೊಟ್ಟೆಗೆ ಅದರ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುವುದಕ್ಕೆ ನನ್ನ ತಕರಾರಿಲ್ಲ, ನಾನೂ ಕುಡಿಯುತ್ತೇನೆ. ಆದರೆ ಅದೇ ತೊಗಟೆಯ ಸತ್ವವಿರುವ ಆಯುಷ್-64 ಎಂಬ ಮದ್ದನ್ನು ವೈವ್ಯಾಕ್ಸ್ ಮಲೇರಿಯಾ ರೋಗಿಗಳಿಗೆ ಕೊಟ್ಟು, ಕ್ಲೋರೋಕ್ವಿನ್‌ನೊಂದಿಗೆ ಹೋಲಿಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. 28 ದಿನಗಳ ಬಳಿಕ ಕ್ಲೋರೋಕ್ವಿನ್ ನುಂಗಿದವರೆಲ್ಲ ಗುಣವಾಗಿದ್ದರು. ಆಯುಷ್-64 ಪಡೆದವರಲ್ಲಿ ಅರ್ಧದಷ್ಟು ಮಂದಿ ಮಾತ್ರ. ತೊಗಟೆಯಲ್ಲಿ ಏನಾದರೂ ಇದ್ದೀತು, ಹುಡುಕುವವರು ಹುಡುಕಲಿ. ಆದರೆ ಇಬ್ಬರು ಮಕ್ಕಳಲ್ಲಿ ಒಬ್ಬರಿಗಷ್ಟೇ ನಾಟುವ ಮದ್ದನ್ನು ಯಾವ ತಾಯಿ ಒಪ್ಪುತ್ತಾಳೆ? ಮಿದುಳಿಗೇರಿ ಜೀವ ತೆಗೆಯುವ ಮಲೇರಿಯಾವೂ ಇದೆ. ಕಷಾಯದ ಲೋಟ ಹಿಡಿದು ಕಳೆದ ಮೂರು ದಿನ ಆಗ ತಿರುಗಿ ಬಾರದು.

ಈಗ ಆ ಚೀನೀ ಗಿಡದ ಒಣಎಲೆಯನ್ನೇ ಚಹಾದಂತೆ ಕುಡಿಯಿರಿ ಎನ್ನುವವರೂ ಹುಟ್ಟಿಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದು ಬೇಡವೆಂದಿತು. ಗಿಡದಿಂದ ಗಿಡಕ್ಕೆ ಸತ್ವದ ಪ್ರಮಾಣ ಬೇರೆ; ಅರೆಬರೆ ಮದ್ದಿಗೆ ಸಾಯದೆ ಉಳಿದ ರೋಗಾಣು ಮುಂದೆ ಪೂರ್ತಿ ಮದ್ದಿಗೂ ಜಗ್ಗದಂತಾಗಬಹುದು.

ಚಳಿಜ್ವರ ಬಂದರೆ ಸರಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಪುಕ್ಕಟೆ. ಕಷಾಯ ಮಾರುವವನು ಬಾಗಿಲಿಗೆ ಬಂದರೆ ಕೇಳಿ: ಇದನ್ನು ಎಷ್ಟು ರೋಗಿಗಳಿಗೆ ಕೊಟ್ಟಿರಿ? 28 ದಿನಗಳ ಬಳಿಕ ಎಷ್ಟು ಮಂದಿಯ ರಕ್ತ ನೋಡಿದಿರಿ? ನಮ್ಮ ಬೀದಿಗೆ ಬಂದಾತ ಈ ಪ್ರಶ್ನೆಗೆ ಉತ್ತರ ಕೊಡದೆ ಸೈಕಲ್ ಹತ್ತಿದ.