'ಅಖಂಡ'ವೋ 'ನಿರ್ಗುಣ'ವೋ?

ಮಧ್ಯಯುಗದ ಕ್ರೈಸ್ತ ದರ್ಶನವು ದೇವರಿಗೆ ಹೇಳುವ ಲಕ್ಷಣಗಳಲ್ಲಿ 'ಸಿಂಪ್ಲಿಸಿಟಾಸ್' ಎಂಬುದು ಮುಖ್ಯವಾದುದು. ಈ ಲ್ಯಾಟಿನ್ ಪದವನ್ನು 'ನಿರ್ಗುಣತ್ವ'ವೆಂದು ಕನ್ನಡಿಸುವ ಮೋಹ ನಮಗೆ ಸಹಜವಾದರೂ ಅದು ಸಾಧುವಲ್ಲ.

ಥಾಮಸ್ ಅಕ್ವಿನಾಸನ (ಮರಣ 1274) 'ಸುಮ್ಮಾ ಥಿಯೊಲಾಜಿಯೆ'ಯ ಪ್ರಕಾರ ದೇವರಲ್ಲಿ ಯಾವ ಬಗೆಯ ಸಂಯೋಗವೂ ಇಲ್ಲ. ಮನುಷ್ಯನಿಗೆ ಜ್ಞಾನವು ಬರಬಹುದು, ಹೋಗಬಹುದು. ದೇವರಾದರೋ ತನ್ನ ಜ್ಞಾನವೇ ತಾನಾಗಿದ್ದಾನೆ. ಇಲ್ಲಿ ನಿರಾಕೃತವಾಗಿರುವುದು ಗುಣ-ಗುಣಿಗಳ ಭೇದವೇ ಹೊರತು ಗುಣವಲ್ಲ. ಜ್ಞಾನವೇ ಬ್ರಹ್ಮದ ಸ್ವರೂಪವೆಂಬ ಅದ್ವೈತದ ಮಾತು ಇದಕ್ಕೆ ಸಮೀಪವೆನಿಸೀತು. ಆದರೆ ಅಕ್ವಿನಾಸನ ದೇವರು ಸಂಕಲ್ಪಿಸುತ್ತಾನೆ, ಪ್ರೀತಿಸುತ್ತಾನೆ.

ಯಹೂದಿ ದಾರ್ಶನಿಕ ಮೈಮೊನಿಡೀಸನು (ಮರಣ 1204) ದೇವರ ಸ್ವರೂಪವನ್ನು ನಿಷೇಧಮುಖದಿಂದಲೇ ಹೇಳಬೇಕೆಂದನು. ಅಕ್ವಿನಾಸನು ಆತನನ್ನು ಹೆಸರಿಸಿಯೇ ಆ ಮತವನ್ನು ಖಂಡಿಸುತ್ತಾನೆ: 'ದೇವರು ಜೀವಂತನು' ಎನ್ನುವ ಭಕ್ತನು ಆತನು ಜಡನಲ್ಲವೆಂದಷ್ಟೇ ಹೇಳುತ್ತಿಲ್ಲ. ನಮ್ಮ ಮಾತು ದೇವರಿಗೆ ಏಕಾರ್ಥದಲ್ಲಿ ಅನ್ವಯಿಸದು, ಕೇವಲ ಭಿನ್ನಾರ್ಥದಲ್ಲಿಯೂ ಅಲ್ಲ, ಸಾದೃಶ್ಯದಿಂದ ಅನ್ವಯಿಸುತ್ತದೆ.

ಪರದರ್ಶನಕ್ಕೆ ನಮ್ಮ ಪರಿಭಾಷೆಯನ್ನು ತೊಡಿಸುವಾಗ ನಮ್ಮ ಸಿದ್ಧಾಂತವೂ ಅದರೊಡನೆ ನುಸುಳುತ್ತದೆ. ತೌಲನಿಕ ಅಧ್ಯಯನಕ್ಕೆ ತೊಡಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. 'ಸಿಂಪ್ಲಿಸಿಟಾಸ್'ಗೆ 'ಅಖಂಡತೆ' ಎಂಬ ಪದವೇ ಹೆಚ್ಚು ನ್ಯಾಯ ಸಲ್ಲಿಸುತ್ತದೆಂದು ನನ್ನ ಅಭಿಮತ.