ಪಾದರಕ್ಷೆಯೋ, ಪಾದಶಿಕ್ಷೆಯೋ?

ಪಾದವನ್ನು ರಕ್ಷಿಸಬೇಕಾದುದು ಪಾದರಕ್ಷೆ. ಅದೇ ಪಾದವನ್ನು ಗಾಯಗೊಳಿಸಿದರೆ? 2019ರಲ್ಲಿ ಜಪಾನಿನ ಯೂಮಿ ಇಶಿಕಾವಾ ಎಂಬ ಮಹಿಳೆ ಎತ್ತಿದ ಪ್ರಶ್ನೆ ಇದುವೇ. ಕಚೇರಿಗಳು ಮಹಿಳೆಯರ ಮೇಲೆ ಹೈಹೀಲ್ ಶೂ ಹೇರುವುದನ್ನು ನಿಷೇಧಿಸಬೇಕೆಂದು 18 ಸಾವಿರಕ್ಕೂ ಅಧಿಕ ಸಹಿಗಳ ಮನವಿಯನ್ನು ಅವರು ಸರಕಾರಕ್ಕೆ ಸಲ್ಲಿಸಿದರು. ಸಮಾಜ ಒಪ್ಪಿರುವ ಮಿತಿಯೊಳಗೆ ಅದು ಅಗತ್ಯ ಮತ್ತು ಸೂಕ್ತವೆಂಬುದು ಅಂದಿನ ಕಾರ್ಮಿಕ ಸಚಿವ ತಕುಮಿ ನೆಮೊಟೊರ ಉತ್ತರವಾಗಿತ್ತು. ಹಾಗಾದರೆ ನೋವುಣ್ಣುವ ಮಹಿಳೆ ಆ ಸಮಾಜದಲ್ಲಿ ಸೇರಿಲ್ಲವೇ? ಅದೇ ಕೆಲಸ ಮಾಡುವ ಪುರುಷನಿಗೆ ಚಪ್ಪಟೆ ಶೂ ಸಾಕೆಂದಾದರೆ ಮಹಿಳೆಗೇಕೆ ಸಾಲದು?

2020ರಲ್ಲಿ ಜಪಾನ್ ಏರ್‌ಲೈನ್ಸ್ ತನ್ನ ಗಗನಸಖಿಯರನ್ನು ಈ ನಿರ್ಬಂಧದಿಂದ ಮುಕ್ತಗೊಳಿಸಿತು. ಅದರಿಂದ ಸಂಸ್ಥೆಯ ಗೌರವವೇನೂ ಕುಂದಲಿಲ್ಲ. ಉದ್ಯೋಗಿಯ ಘನತೆಯನ್ನು ಹಿಮ್ಮಡಿಯ ಎತ್ತರದಿಂದ ಅಳೆಯುವುದನ್ನು ನಾವು ಒಪ್ಪಲಾರೆವು. ಹೆಣ್ಣಿನ ನೋವಿನ ಮೇಲೆ ನಿಂತಿರುವ ರೂಢಿಯನ್ನು ಶಿಸ್ತು ಎನ್ನಲಾಗದು.